ಹೂಂರಿ, ಅದೀನ್ರಿ

ಆ ದನಿ ಈಗಲೂ ಎಲ್ಲಾದರೂ ಕಿವಿಗೆ ಬಿದ್ದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಹೆಂಗಸಿನ ದನಿ, ಆದರೆ ಯಾವ ಹೆಂಗಸಿನದೂ ಅಲ್ಲ. ನಮ್ಮ ಕಡೆ ಯಾರೂ ಆಡದ ಕನ್ನಡ. ಒಂದೊಂದು ಅಕ್ಷರವನ್ನೂ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗೆ. ಪಾಠದ ವಿಡಿಯೋ ನಡೆದಿರುವಾಗ ಐದಾರು ನಿಮಿಷಕ್ಕೊಮ್ಮೆ ನಡುವೆ ಬಾಯಿ ಹಾಕಿ, "ನೀವು ಇದ್ದೀರಾ?" ಎಂದು ಕೇಳುತ್ತಿತ್ತು. ಪರದೆಯ ಕೆಳಗೆ "ಇದ್ದೇನೆ" ಎಂಬ ನೀಲಿ ಬಟನ್ ಮೂಡುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಅದನ್ನು ಒತ್ತಬೇಕು. ಒತ್ತದಿದ್ದರೆ ವಿಡಿಯೋ ನಿಲ್ಲುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸುಮ್ಮನೆ ಒಳಗೊಳಗೇ ಬರೆದುಕೊಳ್ಳುತ್ತಿತ್ತು. ಎದುರಿಗೆ ನಕ್ಕು ಹಿಂದೆ ಚಾಡಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅಂಥದೊಂದನ್ನು ನಾನೇ ಕೈಯಾರೆ ನನ್ನ ಹುಡುಗರ ಮನೆಗೆ ಕಳಿಸಿದ್ದೆ.

ನಾನು ಬಾದಾಮಿಯವಳು. ಹುನಗುಂದದಲ್ಲಿ ಬಾಡಿಗೆ ಮನೆ ಹಿಡಿದು, ಅಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. ಒಮ್ಮೆ ನಮ್ಮ ಪ್ರಾಚಾರ್ಯರು ಬಾಗಲಕೋಟೆಯ ಯಾವುದೋ ಸಭೆಗೆ ಹೋಗಿ ಬರುವಾಗ ಒಂದು ದಪ್ಪ ಫೈಲು ಹಿಡಿದುಕೊಂಡು ಬಂದರು. ಮಿಶ್ರ ಕಲಿಕೆಯಂತೆ. ವಾರದಲ್ಲಿ ಎರಡು ದಿನ ಕಾಲೇಜು, ಉಳಿದ ದಿನ ಮನೆಯಲ್ಲಿ ಮೊಬೈಲು. ಅದಾದ ವಾರಕ್ಕೆ ಪೋರ್ಟಲ್ ಕಂಪನಿಯವನೊಬ್ಬ ಬಂದು ಪರದೆ ಇಳಿಬಿಟ್ಟು ಚಿತ್ರ ತೋರಿಸಿದ. ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಯಂತ್ರ ಬೇರೆ ಬೇರೆಯಾಗಿ ಗಮನಿಸುತ್ತದೆ, ಯಾರಿಗೆ ಎಷ್ಟು ತಲೆಗೆ ಹತ್ತುತ್ತದೆಂದು ಅಳೆಯುತ್ತದೆ, ಅವರವರಿಗೆ ತಕ್ಕ ಹಾದಿಯನ್ನು ಅದೇ ಕೊರೆದು ಕೊಡುತ್ತದೆ ಅಂದ. "ಅರವತ್ತು ಜನರ ಕ್ಲಾಸಿನಲ್ಲಿ ಒಬ್ಬೊಬ್ಬರನ್ನೂ ನೋಡೋಕೆ ನಿಮ್ಮಿಂದ ಆಗುತ್ತಾ ಮೇಡಂ?" ಎಂದು ನನ್ನತ್ತ ತಿರುಗಿ ಹಲ್ಲು ಕಿರಿದ. ಪ್ರಾಚಾರ್ಯರು ತಲೆಯಾಡಿಸಿದ ರಭಸ ನೋಡಿದರೆ ಅವರ ಕುತ್ತಿಗೆಯ ಬಗ್ಗೆ ಚಿಂತೆಯಾಗುತ್ತಿತ್ತು. ಹೋಗುವಾಗ ಅವನ ಕೈಗೆ ಅಮೀನಗಡದ ಕರದಂಟಿನ ಎರಡು ಡಬ್ಬಿ ಕೊಟ್ಟು, ಪೋರ್ಟಲ್ಲಿನ ಸಂಯೋಜಕಿ ಎಂಬ ಪಟ್ಟವನ್ನು ನನ್ನ ತಲೆಗೆ ಕಟ್ಟಿದರು.

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಖರೆ ಹೇಳಬೇಕೆಂದರೆ ನನಗೂ ಒಳಗೆ ಸ್ವಲ್ಪ ಹಿಗ್ಗಾಗಿತ್ತು.

ಮೊದಲು ಕಿತ್ತು ಹೋದದ್ದು ಪಟ್ಟದಕಲ್ಲಿನ ಪ್ರವಾಸ. ಪ್ರತಿವರ್ಷ ಕೊನೆಯ ವರ್ಷದವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಬುತ್ತಿ ಕಟ್ಟಿಸಿ, ಮಲಪ್ರಭೆಯ ದಂಡೆಯಲ್ಲಿ ಉಣ್ಣಿಸಿ, ಗುಡಿಗಳ ಗೋಡೆ ಮುಟ್ಟಿಸಿ ಕರೆತರುತ್ತಿದ್ದೆ. ಪೋರ್ಟಲ್ಲಿನಲ್ಲಿ ಅದೆಲ್ಲ ಇದೆಯಂತೆ, ಬೆರಳಿನಿಂದ ತಿರುಗಿಸಿದರೆ ಗುಡಿ ಸುತ್ತುತ್ತದಂತೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದಾದ ಊರನ್ನು ಹುಡುಗರು ಮನೆಯಲ್ಲಿ ಕೂತು ಬೆರಳಿನಿಂದ ತಿರುಗಿಸಿದರು. ಛೀ ಅನಿಸಿತು, ಆದರೂ ನೋಟೀಸಿಗೆ ಸಹಿ ಹಾಕಿದವಳು ನಾನೇ.

ಇಳಕಲ್ಲಿನ ಹುಡುಗಿಯೊಬ್ಬಳು ನಮ್ಮಲ್ಲಿಗೆ ಬಂದದ್ದು ಇದೇ ಸಮಯಕ್ಕೆ. ಹುಡುಗಿ ಅನ್ನುತ್ತೇನೆ, ಆದರೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನಮ್ಮಲ್ಲೇ ಎರಡು ವರ್ಷ ಓದಿ, ಮದುವೆಯಾಗಿ ಬಿಟ್ಟುಹೋದವಳು. ನೇಕಾರರ ಮನೆಯ ಸೊಸೆ, ಹಗಲೆಲ್ಲ ಮಗ್ಗ. ಒಂದು ದಿನ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯ ಜೊತೆ ಸಿಕ್ಕಾಗ, ನಾನಾಗಿಯೇ ಅವಳ ಬೆನ್ನು ಹತ್ತಿದೆ.

"ಈಗ ಮನ್ಯಾಗ ಕುಂತ ಓದಾಕ ಬರ್ತೈತವಾ. ವಾರಕ್ಕೆರಡು ದಿನ ಬಂದ್ರ ಸಾಕು. ಉಳಿದದ್ದು ಫೋನಿನ್ಯಾಗ ಕೇಳೂದು," ಅಂದೆ.

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಮುಖ ನೋಡಿದರು. "ಒಂದ ವರ್ಷ ಅಲ್ರಿ ಅಕ್ಕೋರ? ಒಂದ ವರ್ಷ ಹೆಂಗರ ಸಂಭಾಳಸ್ತೇನಿ. ಅದರಾಚೆ ಕೇಳಬ್ಯಾಡ್ರಿ," ಅಂದರು. ಕೆಟ್ಟ ಹೆಂಗಸಲ್ಲ. ವಾರಕ್ಕೆ ಎರಡು ದಿನ ಮಗ್ಗ ಖಾಲಿ ಬಿದ್ದರೆ ಆ ಮನೆಗೆ ಏನಾಗುತ್ತದೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವಳ ಡಿಗ್ರಿಗೆ ಇದ್ದದ್ದು ಅದೊಂದೇ ವರ್ಷ, ಅದರ ಕೊನೆಯ ಪರೀಕ್ಷೆ. ಮುಂದೆ ಬಿ.ಎಡ್. ಮಾಡಿ ಸಾಲಿ ಟೀಚರ್ ಆಗಬೇಕೆಂಬ ಆಸೆ ಅವಳಿಗಿತ್ತೆಂದು ಆಮೇಲೆ ತಿಳಿಯಿತು.

ಪೋರ್ಟಲ್ ಬಳಸುವುದು ಹೇಗೆಂದು ಮೊದಲ ದಿನ ಕ್ಲಾಸಿನಲ್ಲಿ ನಾನು ಹೇಳಿಕೊಡಬೇಕಿತ್ತು. ಪರದೆ ಕಟ್ಟಿ, ಪ್ರೊಜೆಕ್ಟರ್ ಹಚ್ಚಿ, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಕಾಯುವ ಸ್ವಭಾವ ನನ್ನದಲ್ಲ. ಬಾಯಿಮಾತಿನಲ್ಲೇ ಮುಗಿಸಿದೆ. "ನಡುನಡುವ ಅದು 'ಇದ್ದೀರಾ' ಅಂತ ಕೇಳ್ತೈತಿ. ಕೇಳಿದ ಕೂಡ್ಲೇ 'ಇದ್ದೇನಿ' ಅನ್ನಬೇಕು. ಮರೀಬ್ಯಾಡ್ರಿ," ಅಂದೆ. ಎಲ್ಲರೂ ತಲೆಯಾಡಿಸಿದರು. ಎರಡನೇ ಬೆಂಚಿನಲ್ಲಿ ಕೂತಿದ್ದ ಇಳಕಲ್ಲಿನವಳು ಅದನ್ನು ವಹಿಯಲ್ಲಿ ಬರೆದುಕೊಂಡದ್ದು ನನಗೆ ನೆನಪಿದೆ. ಉಳಿದ ಯಾರೂ ಬರೆದುಕೊಳ್ಳಲಿಲ್ಲ.

ಒಂದು ತಿಂಗಳಿಗೆ ಸಂಯೋಜಕಿಯ ಪರದೆಯ ಮೇಲೆ ಬಣ್ಣಗಳು ಬರತೊಡಗಿದವು. ಯಂತ್ರ ತಮಗೆ ಕೊರೆದುಕೊಟ್ಟ ಹಾದಿ ಹಿಡಿದು ಸರಿಯಾಗಿ ನಡೆದವರ ಹೆಸರಿನ ಮುಂದೆ ಹಸಿರು ಚುಕ್ಕೆ, ನಡೆಯದವರ ಮುಂದೆ ಕೆಂಪು. ಬಹಳಷ್ಟು ಕೆಂಪೇ ಇತ್ತು. ಅವರಲ್ಲಿ ಇಳಕಲ್ಲಿನವಳೂ ಒಬ್ಬಳು. ಒಂದು ಪಾಠಕ್ಕೂ ಹಾಜರಿಲ್ಲವೆಂದು ತೋರಿಸುತ್ತಿತ್ತು. ನನ್ನ ಮೈ ಉರಿಯಿತು. ನಾನಾಗಿಯೇ ಬೆನ್ನು ಹತ್ತಿ, ಕಾಡಿ ಬೇಡಿ ಸೇರಿಸಿಕೊಂಡವಳು! ಕಾಲೇಜಿಗೆ ಬಂದ ದಿನವೇ ಎಬ್ಬಿಸಿ ನಿಲ್ಲಿಸಿದೆ.

"ಯಾಕವಾ, ಒಂದ ಪಾಠನೂ ನೋಡವಲ್ಲಿ?"

"ಕೇಳ್ತೇನ್ರಿ ಮೇಡಂ. ದಿನಾ ಕೇಳ್ತೇನ್ರಿ."

"ಸುಳ್ಳ ಹೇಳಬ್ಯಾಡ. ಇಲ್ಲೆ ಎಲ್ಲಾ ಗೊತ್ತಾಗ್ತೈತಿ."

ಅವಳ ಮುಖ ಕೆಂಪಾಯಿತು. ವಹಿ ಮುಚ್ಚಿ ಕೂತಳು. ಎದುರಿಗೆ ಒಂದು ಜೀವ ನಿಂತು ಹೇಳುತ್ತಿದ್ದ ಮಾತಿಗಿಂತ ಪರದೆಯ ಮೇಲಿನ ಒಂದು ಚುಕ್ಕೆಯನ್ನು ನಾನು ಹೆಚ್ಚು ನಂಬಿದೆ. ಮೂವತ್ತು ಬ್ಯಾಚಿನ ಹುಡುಗರ ಕಣ್ಣು ನೋಡಿಯೇ ಸುಳ್ಳು ಯಾವುದು, ಖರೆ ಯಾವುದು ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು.

ಮತ್ತೆ ಕೆಲವು ವಾರಕ್ಕೆ ಅವಳ ಚುಕ್ಕೆ ಹಸಿರಾಯಿತು. ಬೈದದ್ದು ನಾಟಿತು ಎಂದು ಬೆನ್ನು ತಟ್ಟಿಕೊಂಡೆ. ಅದೇ ಹೊತ್ತಿಗೆ ಅವಳು ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದಳು. "ಮೇಡಂ, ಬಾದಾಮಿ ಅಂದ್ರ ಊರೋ, ನದಿಯೋ, ತಿನ್ನೋ ಬೀಜೋ ಅಂತ ಕೇಳೈತ್ರಿ. ಎರಡು ಖರೆ ಅದಾವಲ್ರಿ? ಯಾವದು ಒತ್ತಲಿ?"

ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ನಮ್ಮೂರಿಗೆ ಬಂದ ತಿಂದ ನೋಡು, ಗೊತ್ತಾಗ್ತೈತಿ," ಎಂದು ಚೇಷ್ಟೆಯನ್ನೂ ಮಾಡಿದೆ. ಡಿಗ್ರಿಯ ಕೊನೆಯ ವರ್ಷದವಳಿಗೆ ಇಂಥ ಪ್ರಶ್ನೆ ಯಾಕೆ ಬಂತೆಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ವರ್ಷದ ಕೊನೆಗೆ ತಪಾಸಣೆಯವರು ಬರುವುದೆಂದಾಯಿತು. ಪ್ರಾಚಾರ್ಯರು ನನ್ನ ಪರದೆ ನೋಡಿ ಬೆವತುಬಿಟ್ಟರು. ನಲವತ್ತು ಹೆಸರು ಇನ್ನೂ ಕೆಂಪು. ಆ ನಲವತ್ತು ಜನ ಪೋರ್ಟಲ್ ತೆರೆದಿರಲೇ ಇಲ್ಲ. ಕೆಲವರು ಗ್ರಾನೈಟ್ ಪಾಲಿಶ್‌ಗೆ ಹೋಗುತ್ತಿದ್ದರು, ಕೆಲವರು ಅಂಗಡಿಯಲ್ಲಿ ಕೂರುತ್ತಿದ್ದರು, ಕೆಲವರಿಗೆ ಸುಮ್ಮನೆ ಮನಸ್ಸಿರಲಿಲ್ಲ.

"ಎಲ್ಲಾ ಹಸಿರ ಆಗಬೇಕ್ರಿ ಮೇಡಂ. ಹೆಂಗ ಮಾಡ್ತೀರೋ ನನಗ ಗೊತ್ತಿಲ್ಲ," ಅಂದರು. ಹೇಗೆ ಮಾಡುತ್ತೇವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಲ್ಯಾಬಿನ ಬೀಗದ ಕೈ ಅವರೇ ಕೊಟ್ಟರು.

ಹುಡುಗರ ಪಾಸ್‌ವರ್ಡೆಂದರೆ ಅವರವರ ಫೋನ್ ನಂಬರು. ಎರಡು ದಿನ ನಾವು ಐದು ಜನ ಉಪನ್ಯಾಸಕರು ಲ್ಯಾಬಿನಲ್ಲಿ ಕೂತೆವು. ಒಬ್ಬೊಬ್ಬರ ಮುಂದೆ ಎರಡೆರಡು ಕಂಪ್ಯೂಟರು. ವಿಡಿಯೋ ಓಡಲು ಬಿಟ್ಟು ಹರಟೆ ಹೊಡೆಯುವುದು, ಆ ದನಿ "ನೀವು ಇದ್ದೀರಾ?" ಅಂದ ಕೂಡಲೇ ಒತ್ತುವುದು. ಹತ್ತು ಕಡೆಯಿಂದ ಒಂದೇ ದನಿ ಹಿಂದೆ ಮುಂದೆ ಆಗಿ ಕೇಳುತ್ತಿತ್ತು. ಪ್ರಾಚಾರ್ಯರು ಗಿರಮಿಟ್ಟು, ಮಿರ್ಚಿ ತರಿಸಿದರು. ನಾನು ಮಿರ್ಚಿ ತಿಂದ ಎಣ್ಣೆಗೈಯಲ್ಲೇ ಒತ್ತಿದೆ. ಇದ್ದೇನೆ. ಇದ್ದೇನೆ. ಇದ್ದೇನೆ. ಯಾರು ಇದ್ದದ್ದು? ಎಲ್ಲಿ ಇದ್ದದ್ದು? ಎರಡನೇ ದಿನದ ಮಧ್ಯಾಹ್ನದ ಹೊತ್ತಿಗೆ ನನಗೆ ಪರದೆ ನೋಡುವ ಅಗತ್ಯವೇ ಬೀಳಲಿಲ್ಲ. ದನಿ ಕೇಳಿದರೆ ಸಾಕು, ಬೆರಳು ತಾನೇ ಹೋಗುತ್ತಿತ್ತು. ನಾವು ನಗುತ್ತಿದ್ದೆವು. ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಇಳಕಲ್ಲಿನವಳ ಹೆಸರು ಮೊದಲೇ ಹಸಿರಿತ್ತಲ್ಲ, ಅದರ ಗೊಡವೆಗೆ ಯಾರೂ ಹೋಗಲಿಲ್ಲ.

ತಪಾಸಣೆಯವರು ಬಂದರು, ಹಸಿರು ನೋಡಿದರು, ಹೊಗಳಿದರು, ಕರದಂಟು ತೆಗೆದುಕೊಂಡು ಹೋದರು. ಮಾರನೆಯ ವಾರ ಪೋರ್ಟಲ್ಲಿನಿಂದ ಆಂತರಿಕ ಅಂಕಗಳ ಪಟ್ಟಿ ಬಂತು. ಈ ಅಂಕ ಇದ್ದರೆ ಮಾತ್ರ ಪರೀಕ್ಷೆಯ ಹಾಲ್ ಟಿಕೆಟ್. ನಾವು ಒತ್ತಿದ ನಲವತ್ತೂ ಜನಕ್ಕೆ ಪೂರ್ತಿ ಅಂಕ. ಇಳಕಲ್ಲಿನವಳ ಹೆಸರಿನ ಮುಂದೆ ಸೊನ್ನೆ. ಪಕ್ಕದಲ್ಲೊಂದು ಸಾಲು: "ಸುಲಭ ಹಾದಿಗೆ ಅಂಕವಿರುವುದಿಲ್ಲ."

ನಾನು ಕಂಪನಿಯವನಿಗೆ ಫೋನು ಮಾಡಿದೆ. ಅವನ ದನಿಯಲ್ಲಿ ಬೆಣ್ಣೆ. "'ಇದ್ದೀರಾ' ಅಂತ ಕೇಳಿದ್ದಕ್ಕೆ ನಿಮ್ಮ ಸ್ಟೂಡೆಂಟ್ ಒಂದು ಸಲವೂ ಉತ್ತರ ಕೊಟ್ಟಿಲ್ಲ ಮೇಡಂ. ಗಮನ ಕಡಿಮೆ ಅಂತ ಸಿಸ್ಟಮ್ ಗುರುತಿಸಿ, ಸುಲಭ ಹಾದಿಗೆ ಹಾಕಿದೆ. ಪಾಠ ಎಲ್ಲರಿಗೂ ಅದೇ, ಆದರೆ ಅಲ್ಲಿ ದಿನಕ್ಕೊಂದು ಸುಲಭದ ಪ್ರಶ್ನೆ ಮಾಡಿದರೆ ಸಾಕು. ಅದನ್ನ ತುಂಬಾ ಚೆನ್ನಾಗಿ ಮುಗಿಸಿದ್ದಾರೆ, ಅದಕ್ಕೇ ಹಸಿರು. ಅವರವರ ಮಟ್ಟಕ್ಕೆ ತಕ್ಕ ಹಾದಿ. ವೈಯಕ್ತಿಕ ಕಲಿಕೆ ಅಂದ್ರೆ ಇದೇ ಅಲ್ವಾ?"

ಫೋನಿನ ಒಳಗೆ ಕೈ ಹಾಕುವಂತಿದ್ದರೆ ಅವನ ಕಪಾಳಕ್ಕೆ ಬಾರಿಸುತ್ತಿದ್ದೆ. ಪೋರ್ಟಲ್ಲಿಗೆ ಬೀಗ ಬಿದ್ದಿದೆ, ಇನ್ನು ಅಂಕ ಬದಲಾಯಿಸಲು ಬರುವುದಿಲ್ಲ ಅಂದ. ಪಾಠ ಕೇಳಬಹುದು, ಅಂಕ ಸಿಗುವುದಿಲ್ಲ.

ಒಂದು ಸಲವೂ ಯಾಕೆ ಉತ್ತರ ಕೊಡಲಿಲ್ಲವೆಂದು ಕೇಳಿಯೇ ಬಿಡೋಣವೆಂದು ಮರುದಿನ ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ. ದಾರಿಯುದ್ದಕ್ಕೂ ಸಿಟ್ಟು ಅವಳ ಮೇಲೆಯೇ ಇತ್ತು.

ಅತ್ತೆ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದರು. "ಬರ್ರಿ ಅಕ್ಕೋರ, ಒಳಗ ಬರ್ರಿ. ಪಾಠ ನಡದೈತಿ," ಅಂದರು. ಅವಳು ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಆವತ್ತು ಹೊಸ ಸೀರೆ ಹೂಡಿದ್ದಳು. ಸೆರಗಿನ ಕೆಂಪು ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಒಂದು ಎಳೆ ತಪ್ಪಿದರೂ ಸೆರಗು ಕೆಡುತ್ತದೆ. ಎರಡೂ ಕೈ ಎಳೆಗಳಲ್ಲಿ, ಕಣ್ಣು ಕೈಯಲ್ಲಿ. ತಲೆಯ ಮೇಲೆ, ಮಗ್ಗದ ಅಡ್ಡ ಕಟ್ಟಿಗೆಗೆ ಫೋನನ್ನು ಅರಿವೆಯಿಂದ ಕಟ್ಟಿದ್ದಳು. ಅದರಲ್ಲಿ ನನ್ನ ಊರಿನ ಚಾಲುಕ್ಯರ ಪಾಠ ನಡೆದಿತ್ತು. ನನ್ನನ್ನು ನೋಡಿ ಏಳಹೋದಳು. ಬೇಡವೆಂದು ಕೈ ಮಾಡಿದೆ.

ಅಷ್ಟರಲ್ಲಿ ಆ ದನಿ ಕೇಳಿತು: "ನೀವು ಇದ್ದೀರಾ?"

ಅವಳು ಎಳೆಯಿಂದ ಕಣ್ಣು ತೆಗೆಯದೆ, ದನಿ ಎತ್ತಿ, ಹಿರಿಯರಿಗೆ ಹೇಳುವ ಮರ್ಯಾದೆಯಲ್ಲಿ ಅಂದಳು: "ಹೂಂರಿ, ಅದೀನ್ರಿ."

ನಾನು ಫೋನಿನತ್ತ ಕತ್ತೆತ್ತಿದೆ. ಪರದೆಯ ಮೇಲಿನ ನೀಲಿ ಬಟನ್ ಸ್ವಲ್ಪ ಹೊತ್ತು ಮಿನುಗಿ ಆರಿತು. ಪಾಠ ಮುಂದುವರಿಯಿತು.

"ದಿನಾ ಹಿಂಗ ಅಂತೀ?" ಎಂದು ಕೇಳಿದೆ.

"ಹೂಂರಿ ಮೇಡಂ. ಒಂದ ಸಲನೂ ತಪ್ಪಿಸಿಲ್ರಿ. ನೀವ ಹೇಳಿದ್ರಲ್ರಿ, ಕೇಳಿದ ಕೂಡ್ಲೇ 'ಇದ್ದೇನಿ' ಅನ್ನಬೇಕು ಅಂತ."

ಅನ್ನಬೇಕು. ಒತ್ತಬೇಕು ಅಂದಿರಲಿಲ್ಲ ನಾನು. ಉಳಿದ ಹುಡುಗರಿಗೆ ಬಟನ್ ಎಂದರೆ ಗೊತ್ತು. ಅವರಲ್ಲಿ ಹೆಚ್ಚಿನವರು ಅನ್ನುವುದನ್ನೂ ಮಾಡಲಿಲ್ಲ, ಒತ್ತುವುದನ್ನೂ ಮಾಡಲಿಲ್ಲ. ಇವಳೊಬ್ಬಳು ನನ್ನ ಮಾತನ್ನು ಮಾತಾಗಿಯೇ ಹಿಡಿದಿದ್ದಳು. ಸಂಜೆ ಮಗ್ಗ ಇಳಿದ ಮೇಲೆ ಫೋನು ಬಿಚ್ಚಿಕೊಂಡು ದಿನದ ಪ್ರಶ್ನೆಗೆ ಉತ್ತರ ಒತ್ತುತ್ತಿದ್ದಳಂತೆ. ಆದರೆ ಬಾಯಿಬಿಟ್ಟು ಕೇಳಿದವರಿಗೆ ಬಾಯಿಬಿಟ್ಟು ಹೇಳಬೇಕಲ್ಲವೆ?

ಅತ್ತೆ ರಾಟೆ ನಿಲ್ಲಿಸದೆ ಅಂದರು: "ನಮ್ಮ ಸೊಸಿ ನೀರಿಗೆ ಎದ್ದಾಗ ನಾನೂ ಹೂಂ ಅಂದೀನ್ರಿ ಅಕ್ಕೋರ. ಪಾಪ, ಫೋನಿನ್ಯಾಗಿನಾಕಿ ಅಷ್ಟು ಹೇಳಾಕತ್ತಾಳ. ಹೂಂ ಅನ್ನಾವ್ರು ಇಲ್ಲಂದ್ರ ಹೇಳಾವ್ರಿಗೆ ಹೆಂಗ ಮನಸ ಬರ್ತೈತ್ರಿ?"

ನಮ್ಮ ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟುವುದು ನಿಲ್ಲಿಸಿದರೆ ಕತೆಯನ್ನೇ ನಿಲ್ಲಿಸುತ್ತಿದ್ದಳು. ಈ ಮನೆಯಲ್ಲಿ ಒಂದು ವರ್ಷ ಇಬ್ಬರು ಹೆಂಗಸರು ಆ ಸತ್ತ ದನಿಗೆ ಹೂಂಗುಟ್ಟಿದ್ದರು. ಅದು ಅವರನ್ನು ದಡ್ಡರೆಂದು ಬರೆದುಕೊಂಡಿತ್ತು.

ನಾನು ಅಲ್ಲೇ ಕೂತು ಪ್ರಶ್ನೆ ಕೇಳಿದೆ. ಪುಲಕೇಶಿಯಿಂದ ಹಿಡಿದು ಗುಡಿಗಳ ಶಿಖರದವರೆಗೆ ಎಲ್ಲ ಹೇಳಿದಳು. ಫೋನಿನಲ್ಲಿ ಕೇಳಿದ್ದೂ, ನನ್ನ ಕ್ಲಾಸಿನಲ್ಲಿ ಕೇಳಿದ್ದೂ ಒಂದಕ್ಕೊಂದು ಕೂಡಿಕೊಂಡಿದ್ದವು. ಎಳೆ ಎಣಿಸುತ್ತ ಎಣಿಸುತ್ತ ಹೇಳಿದಳು, ಒಂದೂ ತಪ್ಪಲಿಲ್ಲ. ಅಂಕದ ಮಾತನ್ನು ನಾನು ಆವತ್ತು ಎತ್ತಲಿಲ್ಲ. ಎತ್ತುವ ಧೈರ್ಯವಾಗಲಿಲ್ಲ. ಹೇಗಾದರೂ ಸರಿಮಾಡಿಯೇ ಬರುತ್ತೇನೆಂದು ಹುನಗುಂದಕ್ಕೆ ಬಂದೆ.

ಮನೆಗೆ ಹೋಗದೆ ಕಾಲೇಜಿನಲ್ಲಿ ಕೂತು ವಿಶ್ವವಿದ್ಯಾಲಯಕ್ಕೆ ಕಾಗದ ಬರೆದೆ. ಈ ಹುಡುಗಿ ಎಲ್ಲ ಪಾಠ ಕೇಳಿದ್ದಾಳೆ, ತಪ್ಪು ಹೇಳಿಕೊಟ್ಟವಳು ನಾನು. ನಲವತ್ತು ಜನ ಒಂದೂ ಕೇಳಿಲ್ಲ, ಅವರ ಪರವಾಗಿ ಒತ್ತಿದವರು ನಾವು. ಸಹಿ ಹಾಕಿ ಪ್ರಾಚಾರ್ಯರ ಮುಂದಿಟ್ಟೆ.

ಅವರು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಅದೇ ನನಗೆ ಇನ್ನೂ ಅಸಹ್ಯವಾಯಿತು. "ಕಳಸ್ತೇನ್ರಿ. ನನಗೇನ ಅಡ್ಡಿ ಇಲ್ಲ. ಆದ್ರ ನಲವತ್ತು ಹುಡುಗರ ಹಾಲ್ ಟಿಕೆಟ್ ನಿಲ್ಲತೈತಿ. ನಿಮ್ಮ ನೌಕರಿನೂ. ಆಕಿಗರ ಬರ್ತೈತೋ ಇಲ್ಲೋ ಯಾರಿಗೆ ಗೊತ್ತು?" ಎಂದು ಕಾಗದವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಮುಂದಿನ ವರ್ಷ ಕುಂಡ್ರಲಿ ಬಿಡ್ರಿ."

ಅವಳಿಗೆ ಮುಂದಿನ ವರ್ಷ ಇಲ್ಲವೆಂದು ನಾನು ಹೇಳಿದೆ. ಜೋರಾಗಿಯೇ ಹೇಳಿದೆ. ಆಮೇಲೆ ಕಾಗದ ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡು ಹೊರಗೆ ಬಂದೆ. ನಲವತ್ತು ಹುಡುಗರ ಭವಿಷ್ಯಕ್ಕಾಗಿ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ನಲವತ್ತು ಹುಡುಗರ ಪಾಲು ಎಷ್ಟು, ನನ್ನ ನೌಕರಿಯ ಪಾಲು ಎಷ್ಟು ಎಂಬುದು ನನಗೆ ಗೊತ್ತಿದೆ.

ಹಾಲ್ ಟಿಕೆಟ್ ಹಂಚಿದ ದಿನ ಅವಳಿಗೆ ಹೇಳಲೆಂದು ಮತ್ತೆ ಇಳಕಲ್ಲಿಗೆ ಹೋದೆ. ಹಿಂದಿನ ಸೀರೆ ಇಳಿದು ಹೊಸದು ಏರಿತ್ತು. ಅವಳು ಮಗ್ಗದಲ್ಲಿದ್ದಳು, ಫೋನು ಅದೇ ಕಟ್ಟಿಗೆಯಲ್ಲಿತ್ತು. ಪಟ್ಟದಕಲ್ಲಿನ ಪಾಠ, ಅದೊಂದೇ ಉಳಿದಿತ್ತಂತೆ, ಕೇಳಿ ಮುಗಿಸಿದರೆ ಎಲ್ಲ ಆಯಿತಂತೆ. ನಾನು ಮಗ್ಗದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬಟನ್ನಿನ ವಿಷಯ ಹೇಳಿದೆ. ಸುಲಭ ಹಾದಿಯ ವಿಷಯ ಹೇಳಿದೆ. ಹಾಲ್ ಟಿಕೆಟ್ ಬರುವುದಿಲ್ಲವೆಂದು ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ನಲವತ್ತು ಜನರ ವಿಷಯವನ್ನು ಮಾತ್ರ ಹೇಳಲಿಲ್ಲ.

ಹೊರಗೆ ರಾಟೆಯ ಸದ್ದು ನಿಂತಿತು. ಅವಳ ಕೈಯಲ್ಲಿನ ಲಾಳಿ ಮಡಿಲಿಗೆ ಇಳಿಯಿತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಹಂಗಾರ ಇಷ್ಟು ದಿನ ನಾ ಅಂದದ್ದು ಯಾರಿಗೂ ಕೇಳಸಲೇ ಇಲ್ಲೇನ್ರಿ?"

ನಾನು ಮೇಲೆ ನೋಡಿದೆ. ಫೋನಿನಲ್ಲಿ ಗುಡಿ ಸುತ್ತುತ್ತಿತ್ತು. ಆಗ ಆ ದನಿ ಬಂತು, ಅದೇ ಇಸ್ತ್ರಿ ಮಾಡಿದ ದನಿ: "ನೀವು ಇದ್ದೀರಾ?"

ಅವಳು ತುಟಿ ತೆರೆಯಲಿಲ್ಲ. ಆ ಮನೆಯಲ್ಲಿ ಮೊದಲ ಸಲ ಅದಕ್ಕೆ ಯಾರೂ ಹೂಂ ಅನ್ನಲಿಲ್ಲ. ಆದರೆ ನನ್ನ ತೋಳು ಮೇಲೆದ್ದಿತ್ತು. ನಾನು ನೋಡನೋಡುತ್ತಲೇ, ನಾನು ಬೇಡ ಅನ್ನುವ ಮೊದಲೇ, ನನ್ನ ಬೆರಳು ಕಟ್ಟಿಗೆಯವರೆಗೆ ಹೋಗಿ ಆ ನೀಲಿ ಬಟನ್ ಒತ್ತಿಬಿಟ್ಟಿತ್ತು. ಪರದೆಯ ಮೇಲೆ "ಧನ್ಯವಾದ" ಎಂದು ಬಂತು.

ಅವಳು ಬಟನ್ ಇದ್ದ ಜಾಗವನ್ನು ನೋಡಿದಳು. ಆಮೇಲೆ ನನ್ನ ಬೆರಳನ್ನು ನೋಡಿದಳು.

"ನಿಮಗ ಭಾಳ ರೂಢಿ ಆಗೈತಲ್ರಿ, ಮೇಡಂ," ಅಂದಳು.